ಹಗೇವಿನೊಳಗಿನ ಹಾಡು

ಮಸ್ಕಿಯ ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವು ಇದೆ. ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ. ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಾರೆ. ಅದು ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿದವರು ಉಳಿಯುವುದಿಲ್ಲ.

ಕಳೆದ ವರ್ಷ ಕಾರು ನಿಲ್ಲಿಸಲು ಜಾಗ ಬೇಕೆಂದು ಅದನ್ನು ಮುಚ್ಚಿಸಲು ಹೊರಟೆ. ಟ್ರ್ಯಾಕ್ಟರಿನಲ್ಲಿ ಮಣ್ಣೂ ಬಂತು. ಅಜ್ಜಿ ಅಡ್ಡ ನಿಂತಳು.

"ಲಿಂಗಸುಗೂರಿನ ನನ್ನ ಗೆಳತಿ ಬರೋತನಕ ಒಂದ್ ಬುಟ್ಟಿ ಮಣ್ಣು ಹಾಕಬ್ಯಾಡ. ಆಕಿಗೆ ಒಂದು ಮಾತು ಕೇಳೋದೈತಿ."

ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದ ದಿನಗಳ ಮಾತು ಅದು. ನಿಜಾಮನ ಪರ ಊರೂರು ಲೂಟಿ ಮಾಡಿದ್ದ ರಜಾಕಾರರ ಮೇಲಿನ ಸಿಟ್ಟನ್ನು ಕೆಲವರು ಏನೂ ಮಾಡದ ಮುಸ್ಲಿಂ ನೆರೆಯವರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ತಾಯಿ ಮಗಳನ್ನು ಮುತ್ತಜ್ಜಿ ಹಗೇವಿನಲ್ಲಿ ಅಡಗಿಸಿದಳು; ಆ ಮಗಳೇ ಈ ಗೆಳತಿ. ಮುಸ್ಸಂಜೆ, ಬೆಳಕು ಕಂಡರೆ ಜನ ಬಂದಾರು. ಹೀಗಾಗಿ ಕಂದೀಲಿನ ಬದಲು ತನ್ನ ಮಗಳನ್ನೇ, ಅಂದರೆ ಪುಟ್ಟ ಹುಡುಗಿಯಾಗಿದ್ದ ನನ್ನ ಅಜ್ಜಿಯನ್ನು, ಹಗ್ಗ ಕಟ್ಟಿ ಮೊದಲು ಇಳಿಸಿದಳು. "ಹಾಡ್ಕೋತ ಇರು" ಎಂದಿದ್ದಳಂತೆ. ಹಾಡು ನಿಂತರೆ ಗಾಳಿ ಕೆಟ್ಟಿದೆ ಎಂದು ತಿಳಿಯಬೇಕು.

ಮುತ್ತಜ್ಜ ನಿಜಾಮನ ವಿರುದ್ಧ ಹೋರಾಡಿದವರ ಗಡಿ ಶಿಬಿರದಲ್ಲಿದ್ದವನು. ಸೆಪ್ಟೆಂಬರಿನಲ್ಲಿ ವಿಮೋಚನೆಯ ದಿನ ಧ್ವಜ ಏರಿಸುವಾಗ ಅವನ ಪಟಕ್ಕೆ ಇಂದಿಗೂ ಹಾರ ಬೀಳುತ್ತದೆ. ಮುತ್ತಜ್ಜಿಯ ಸುದ್ದಿ ಯಾರೂ ಎತ್ತುವುದಿಲ್ಲ, ಅಜ್ಜಿ ನನಗೆ ಹೇಳಿದ್ದೂ ಒಂದೇ ಸಲ. ಹೆತ್ತವಳಿಗೆ ತಾನೊಂದು ಕಂದೀಲು ಅಷ್ಟೇ ಆಗಿದ್ದೆ ಎಂಬ ಸಂಕಟ ಅವಳನ್ನು ಬಿಟ್ಟಿರಲಿಲ್ಲ. ಗೆಳತಿಯನ್ನು ಕೇಳಲು ಇಷ್ಟು ವರ್ಷ ಅಂಜಿದ್ದಳು. ನನಗೂ ಮುತ್ತಜ್ಜಿಯ ಮೇಲೆ ಸಿಟ್ಟೇ ಇತ್ತು.

ಅದೇ ಮಧ್ಯಾಹ್ನ ಗೆಳತಿ ಬಂದಳು. ಇಬ್ಬರೂ ಹಗೇವಿನ ಬಾಯಿಯ ಪಕ್ಕ ಕೂತರು. ಬೇವಿನ ನೆರಳು ಇಬ್ಬರ ಬಿಳಿಗೂದಲ ಮೇಲೂ ಮೆಲ್ಲಗೆ ಅಲುಗುತ್ತಿತ್ತು. ಒಳಗಿನಿಂದ ಹಳೆ ಜೋಳದ ವಾಸನೆ, ನಿದ್ದೆ ಬರಿಸುವಂಥದ್ದು. ಯಾವ ಕಾಲದಲ್ಲಿ ಕೂತಿದ್ದೇವೆ ಎನ್ನುವುದೇ ನನಗೆ ಮರೆತುಹೋಯಿತು.

"ನನ್ನ ಇಳಿಸಿದಾಗ ನೀ ಮ್ಯಾಲಿದ್ದಿ. ನಮ್ಮವ್ವ ಏನ್ ಮಾಡಾಕತ್ತಿದ್ಲು?" ಅಜ್ಜಿ ಕೇಳಿದಳು.

"ನಮ್ಮ ಅಮ್ಮಿ ಅಂದ್ಲು, ಮೊದ್ಲು ನನ್ನ ಮಗಳನ್ನ ಇಳಸ್ರಿ ಅಂತ. ನಿಮ್ಮವ್ವ ಒಪ್ಪಲಿಲ್ಲ. ನಂಬಿ ಬಂದ ಕೂಸು ಅಂದ್ಲು. ಹಗ್ಗದ ತುದಿ ತನ್ನ ನಡಕ್ಕ ಕಟ್ಕೊಂಡು, ಬೋರಲ ಬಿದ್ದು ತಲಿ ಒಳಗಿಟ್ಟಿದ್ಲು. ನೀ ಉಸುರು ತಗೊಳ್ಳಾಕ ನಿಂತಾಗೆಲ್ಲ ಎಳಿಯಾಕ ಹೋಗೂವಾಕಿ. ಅಳಾಕತ್ತಿದ್ಲು, ಹುಚ್ಚಿ, ನಿನಗೆಲ್ಲಿ ಕಾಣಬೇಕು?"

ನಾನು ಟ್ರ್ಯಾಕ್ಟರಿನವನಿಗೆ ಮಣ್ಣು ವಾಪಸ್ ಒಯ್ಯಲು ಹೇಳಿ ಬರುವಷ್ಟರಲ್ಲಿ ಅಜ್ಜಿ ನೆಲಕ್ಕೆ ಬೋರಲು ಮಲಗಿದ್ದಳು. ತಲೆ ಹಗೇವಿನ ಬಾಯಿಯಲ್ಲಿತ್ತು. ಒಳಗಿನಿಂದ ಅವಳ ಹಾಡು ಕೇಳುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಗೆಳತಿ ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದಳು.