ಆ ಜಿಗಿತ ಮಹಾದೇವಿಯದು

ಮುರಿದ ಬೆನ್ನು ಕಮಲಾಪುರದ ಮಹಾದೇವಿಯದು. ಮರಳಿ ಬಂದ ಕೀರ್ತಿ ನಟಿಗೆ, ಚಪ್ಪಾಳೆ ಚಿತ್ರತಂಡಕ್ಕೆ. ಸುಳ್ಳು ಹೇಳಿದವಳು ನಾನು.

ತೊಂಬತ್ತರ ದಶಕದಲ್ಲಿ ನಾನು ಕಲಬುರಗಿಯ ಗಾಜಿಪುರದಲ್ಲಿ ಮಹಿಳಾ ಸಂಘಟನೆಯೊಂದನ್ನು ನಡೆಸುತ್ತಿದ್ದೆ. ನಲವತ್ತು ದಾಟಿ, ತಾಯಿಯ ಪಾತ್ರಗಳಿಗಷ್ಟೇ ಕರೆ ಬರುತ್ತಿದ್ದ ನಟಿಯೊಬ್ಬರು ಪೊಲೀಸ್ ಅಧಿಕಾರಿಯಾಗಿ ಹೊಡೆದಾಡುವ ಚಿತ್ರಕ್ಕಾಗಿ ಕಮಲಾಪುರಕ್ಕೆ ಬಂದರು. ಎಲ್ಲ ಸಾಹಸವೂ ಅವರದೇ ಎಂಬುದು ಚಿತ್ರದ ಪ್ರಚಾರ. ಅವರ ಗೆಲುವು ಹೆಣ್ಣುಮಕ್ಕಳೆಲ್ಲರ ಗೆಲುವು ಎಂದು ನಂಬಿದ್ದೆ — ಆ ನಂಬಿಕೆ ನನ್ನನ್ನು ಕುರುಡಾಗಿಸಿತು ಎಂದರೆ ಅದೂ ಒಂದು ನೆಪವೇ.

ನಟಿಯ ಬದಲು ಬಾವಿಗೆ ಹಾರಬಲ್ಲ ಹೆಣ್ಣು ಬೇಕೆಂದು ಚಿತ್ರತಂಡದವರು ನನ್ನನ್ನು ಕೇಳಿದರು. ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ, ಬಾವಿಯಲ್ಲೇ ಈಜು ಕಲಿತ ಮಹಾದೇವಿಯನ್ನು ನಾನೇ ಕರೆತಂದೆ. ಖಾಕಿ ಪ್ಯಾಂಟು ತೊಟ್ಟು ಆಕೆ ನಕ್ಕಳು: "ನನ್ನ ಗಂಡ ನೋಡಿದ್ರ ಸೆಲ್ಯೂಟ್ ಹೊಡೀತಾನ್ರೀ ಅಕ್ಕಾರ!"

ಬಾವಿಯ ಮೆಟ್ಟಿಲುಗಳು ಕ್ಯಾಮೆರಾಕ್ಕೆ ಚೆಂದ ಕಾಣಲೆಂದು ನಿರ್ದೇಶಕರು ಬೆಳಗಿನಿಂದ ಪಂಪು ಹಚ್ಚಿ ನೀರು ತೆಗೆಸಿದ್ದರು. ದಂಡೆಯಿಂದ ಬಗ್ಗಿ ನೋಡಿದ ಆಕೆಯ ನಗು ನಿಂತಿತು.

"ನೀರು ಭಾಳ ಇಳದಾವ್ರೀ. ತಳದ ಕಲ್ಲ ಕಾಣಾಕತ್ತಾವ. ಪಂಪ್ ನಿಂದ್ರಸ್ರಿ, ನಾಳಿಗಿ ಮತ್ತ ತುಂಬತದ, ಆಗ ಹಾರ್ತೀನಿ."

ಬಾವಿಯಿಂದ ಮೇಲೇರಿ ಬರುವ ದೃಶ್ಯಕ್ಕೆ ನಟಿಯೇ ಬೇಕಿತ್ತು, ಮರುದಿನ ಅವರಿಗೆ ಸಮಯವಿರಲಿಲ್ಲ. ನಿರ್ದೇಶಕರು ನನ್ನ ಮುಖ ನೋಡಿದರು. ಆಗ ನಾನು — ಈ ಮಾತು ನನ್ನದೇ, ಬೇರೆ ಯಾರದೂ ಅಲ್ಲ — "ಅಂಜಬ್ಯಾಡ ಮಾದೇವಿ, ಒಬ್ಬ ಹೆಣ್ಣಮಗಳ ಸಲುವಾಗಿ ಇಷ್ಟು ಮಾಡಲ್ಲೇನ?" ಎಂದೆ.

ಹಾರಿದಳು. ಮೇಲಕ್ಕೆ ತಂದಾಗ ಕಾಲುಗಳು ಅಲುಗಲಿಲ್ಲ.

ಚಿತ್ರ ಗೆದ್ದಿತು. ಕಲಬುರಗಿಯ ಸನ್ಮಾನ ಸಭೆಯಲ್ಲಿ ಎದ್ದು ನಿಂತು, "ಆ ಬಾವಿಗೆ ಇವರೇ ಹಾರಿದರು, ಕಣ್ಣಾರೆ ಕಂಡೆ" ಎಂದೆ. ನಟಿ ತಲೆ ತಗ್ಗಿಸಿದರು, ಅಲ್ಲವೆನ್ನಲಿಲ್ಲ. ಚಿಕಿತ್ಸೆಯ ನೆರವು ಕೇಳಲು ಹೋದ ಮಹಾದೇವಿಯ ಗಂಡನಿಗೆ ಚಿತ್ರತಂಡದ ವ್ಯವಸ್ಥಾಪಕ ಕೊಟ್ಟ ಉತ್ತರ ಇದು: "ಹಾರಿದ್ದು ಮೇಡಂ ಅಂತ ನಿಮ್ಮ ಅಕ್ಕಾರೇ ಹೇಳ್ಯಾರಲ್ಲೋ. ನಿನ್ನ ಹೆಂಡ್ತಿ ತ್ವಾಟದಾಗ ಎಲ್ಲ್ಯಾರ ಬಿದ್ದಿರಬೇಕು."

ಆತ ನನ್ನ ಮನೆಗೂ ಬಂದ. ಬಾಗಿಲು ತೆರೆಯಲಿಲ್ಲ. ಸಂಘಟನೆಯ ಹೆಸರು ಕೆಡುತ್ತದೆಂದು — ಇಲ್ಲ, ನನ್ನ ಹೆಸರು.

ಮಹಾದೇವಿ ಇಂದಿಗೂ ಹಾಸಿಗೆಯಲ್ಲೇ ಇದ್ದಾಳೆ. ಮೊನ್ನೆ ಆಕೆಯ ಎದುರು ಕುಳಿತು ಎಲ್ಲವನ್ನೂ ಹೇಳಿದೆ. "ನನಗ್ಯಾಕ ಹೇಳ್ತೀರಿ ಅಕ್ಕಾರ? ನನಗ ಗೊತ್ತದ. ಗೊತ್ತಿಲ್ಲದೋರಿಗಿ ಹೇಳ್ರಿ" ಎಂದಳು.

ನಿರ್ಮಾಪಕರೇ, ನಿರ್ದೇಶಕರೇ, ನಟಿಯವರೇ, ಆ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುತ್ತಿದ್ದೀರಿ. ಅದಕ್ಕೆ ಮುನ್ನ ಮಹಾದೇವಿಯ ಚಿಕಿತ್ಸೆಯನ್ನು ವಹಿಸಿಕೊಳ್ಳಿ. ಬಾವಿಗೆ ಹಾರಿದವಳು ಆಕೆ, ನೀರು ತೆಗೆಸಿದವರು ನೀವು ಎಂದು ತೆರೆಯ ಮೇಲೆ ಬರೆಯಿರಿ. ಒತ್ತಾಯಿಸಿದವಳು ನಾನೆಂದು ಅದರ ಕೆಳಗೇ ಬರೆಯಿರಿ.