ಗೇಟಿನ ಕಾಕಾ ಕಂಡ ಮೂಲೆ

ಮೊನ್ನೆ ಸಂಕೇಶ್ವರದ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲಿನ ಅಂಗಡಿಯವನು ಗಾಣ ನಿಲ್ಲಿಸಿ ಅದರ ಹಲ್ಲುಗಾಲಿಗಳಿಗೆ ಗ್ರೀಸು ಮೆತ್ತುತ್ತಿದ್ದ. ಬೆಳಗಿನ ಹೊತ್ತು, ಗಿರಾಕಿಗಳಿರಲಿಲ್ಲ. ಕಪ್ಪು ಗ್ರೀಸನ್ನು ಬೆರಳಲ್ಲಿ ತೆಗೆದು ಒಂದೊಂದೇ ಹಲ್ಲಿನ ಸಂದಿಗೆ ತುರುಕುತ್ತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ನಾನು ನಿಂತಲ್ಲೇ ನಿಂತೆ. ನನ್ನ ಬಸ್ಸು ಬಂತು, ಹೋಯಿತು. ಓಡಿ ಹಿಡಿಯಬೇಕೆನಿಸಲಿಲ್ಲ...

ನನ್ನ ಪಾಲಿಗೆ ಅದು ಒಬ್ಬರದೇ ವಾಸನೆ. ಅವರನ್ನು ಊರಲ್ಲಿ ಎಲ್ಲರೂ ಗೇಟಿನ ಕಾಕಾ ಅನ್ನುತ್ತಿದ್ದರು. ನಾನೂ ಕಾಕಾ ಅಂದೆ.

ಮೂಡಲಗಿ ಕಡೆಯ ಒಂದು ಊರಿನ ಹತ್ತಿರ ಘಟಪ್ರಭೆಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. ಹಳೆಯವರು ಅದಕ್ಕೆ ಬಾಂದಾರ ಅನ್ನುತ್ತಾರೆ. ಅದರ ಕಬ್ಬಿಣದ ಗೇಟುಗಳನ್ನು ಎತ್ತುವುದು, ಇಳಿಸುವುದು ಕಾಕಾನ ಕೆಲಸ. ಮೇಲಿನಿಂದ ನೀರು ಬಿಡುತ್ತಾರೆಂದು ಸುದ್ದಿ ಬಂದರೆ ಗೇಟು ಎತ್ತಬೇಕು, ಕಬ್ಬಿಗೆ ನೀರು ನಿಲ್ಲಿಸಬೇಕಾದರೆ ಇಳಿಸಬೇಕು. ಉದ್ದನೆಯ ಹಿಡಿಕೆ ಹಾಕಿ ಕೈಯಿಂದಲೇ ತಿರುವಿ ತಿರುವಿ ಅವರ ಬಲಭುಜ ಎಡಭುಜಕ್ಕಿಂತ ತುಸು ಕೆಳಗೆ ಇಳಿದಿತ್ತು. ಧೋತರದ ಅಂಚು, ಉಗುರಿನ ಸಂದಿ, ಊಟದ ಬುತ್ತಿಯ ಬಟ್ಟೆ, ಎಲ್ಲದಕ್ಕೂ ಗ್ರೀಸಿನ ಕರೆ.

ನಾನು ಅವರಿದ್ದಲ್ಲಿಗೆ ಹೋದದ್ದು ಅವರ ಕೆಲಸ ತೆಗೆಯಲಿಕ್ಕೆ. ಆಗ ಹಾಗೆ ಅನಿಸಿರಲಿಲ್ಲ. ಡಿಪ್ಲೊಮಾ ಮುಗಿಸಿ ಗೋಕಾಕದ ಮನೆಯಲ್ಲಿ ಎರಡು ವರ್ಷ ಕೂತಿದ್ದ ನನಗೆ ಒಂದು ಗುತ್ತಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಗೇಟುಗಳಿಗೆ ಮೋಟರು ಕೂರಿಸಿ, ಕಂಬಗಳಿಗೆ ಕ್ಯಾಮೆರಾ ಹಚ್ಚಿ, ಎಲ್ಲವನ್ನೂ ದೂರದ ಹುಕ್ಕೇರಿಯ ಒಂದು ಕೋಣೆಯಿಂದ ನಡೆಸುವ ಕಾಮಗಾರಿ ಅದು. ಆ ಕೋಣೆಯಲ್ಲಿ ಪರದೆಯ ಮುಂದೆ ಕೂತು ಗುಂಡಿ ಒತ್ತುವವರಲ್ಲಿ ನಾನೊಬ್ಬಳು. ಯಾವ ಗೇಟು ಹೇಗೆ ಎಂದು ಕಣ್ಣಾರೆ ನೋಡಿ ಬರಲಿ ಎಂದು ಮೊದಲು ಎರಡು ವಾರ ನನ್ನನ್ನು ಬ್ಯಾರೇಜಿಗೆ ಕಳಿಸಿದ್ದರು.

ಕಾಕಾ ನನಗೆ ಗೇಟುಗಳನ್ನು ತೋರಿಸಿದ್ದು ಕಡಿಮೆ, ಹೊಳೆಯನ್ನು ತೋರಿಸಿದ್ದೇ ಹೆಚ್ಚು. ಗೇಟು ಎತ್ತುವ ಮೊದಲು ಅವರು ಈ ದಂಡೆಯಿಂದ ಆ ದಂಡೆಗೆ ಪೂರ್ತಿ ನಡೆಯುತ್ತಿದ್ದರು. ಕೆಳಗೆ ಬಗ್ಗಿ ಎರಡೂ ಕಡೆ ನೋಡುತ್ತಿದ್ದರು. ಆಮೇಲೆ ಭೋಂಗಾ, ಎಂದರೆ ಎಚ್ಚರಿಕೆಯ ಸೈರನ್ನು, ಊದಿಸುತ್ತಿದ್ದರು. ಊದಿಸಿದ ಮೇಲೆ ಕೂತು ಒಂದು ಎಲೆ ಮಡಚಿ ಬಾಯಿಗೆ ಹಾಕಿ, ಅದು ನುರಿಯುವ ತನಕ ಕಾಯುತ್ತಿದ್ದರು. ಮತ್ತೆ ಎದ್ದು ಇನ್ನೊಮ್ಮೆ ಅಷ್ಟೂ ದೂರ ನಡೆಯುತ್ತಿದ್ದರು. ಭೋಂಗಾ ಊದಿದ ಮೇಲೆ ಮತ್ತೆ ಯಾಕೆ ನಡೆಯಬೇಕು ಎಂದು ನಾನು ಕೇಳಿದ್ದೆ.

"ಭೋಂಗಾ ಕೇಳಿ ಯಾರೂ ಹೊಳಿ ಬಿಟ್ಟು ಏಳಂಗಿಲ್ಲವ್ವಾ," ಅಂದರು. "ನಾ ಬಂದು ನಿಂತದ್ದು ನೋಡಿ ಏಳ್ತಾರ."

ಕೆಳಗಿನ ಜನರನ್ನೆಲ್ಲ ಅವರು ಬಲ್ಲರು. ಎಮ್ಮೆ ಮೈ ತೊಳೆಯುವವರು ಯಾವ ಹೊತ್ತಿಗೆ ಬರುತ್ತಾರೆ, ಮೀನಿನ ಬಲೆಯವನು ಯಾವ ಮಡುವಿನಲ್ಲಿರುತ್ತಾನೆ... ಎಡದಂಡೆಯಲ್ಲಿ ಒಂದು ತಡೆಗೋಡೆ ಹೊಳೆಯ ಕಡೆಗೆ ಬಾಗಿ ಇಳಿದಿತ್ತು. ಅದರ ಕಾಲಬುಡದಲ್ಲಿ ನಾಲ್ಕು ಮೆಟ್ಟಿಲು, ಒಂದು ಚಪ್ಪಟೆ ಕಲ್ಲು. ಅಲ್ಲಿ ಒಬ್ಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಎರಡೂ ಕಿವಿ ಕೇಳುತ್ತಿರಲಿಲ್ಲ. ಊರವರು ಆಕೆಯನ್ನು ಆಯಿ ಅನ್ನುತ್ತಿದ್ದರು. ಕಾಕಾ ಗೋಡೆಯ ತುದಿಗೆ ಹೋಗಿ, ಆಕೆಯ ಮುಂದಿನ ನೀರಿಗೆ ಒಂದು ಹರಳು ಎಸೆಯುತ್ತಿದ್ದರು. ಆಯಿ ತಲೆ ಎತ್ತದೆಯೇ ಬಟ್ಟೆ ಗಂಟು ಕಟ್ಟಿ ಮೇಲೆ ಬರುತ್ತಿದ್ದಳು. ಆ ಗೋಡೆಯ ಬುಡ ಕ್ಯಾಮೆರಾದಲ್ಲಿ ಕಾಣುತ್ತದೆಯೇ ಎಂದು ಕಾಕಾ ಒಮ್ಮೆ ಕೇಳಿದ್ದರು. ಕಂಡೇ ಕಾಣುತ್ತದೆ, ಎಲ್ಲ ಕಾಣುತ್ತದೆ ಎಂದು ನಾನು ಹೇಳಿದ್ದೆ. ನೋಡಿ ಹೇಳಿದ ಮಾತಾಗಿರಲಿಲ್ಲ ಅದು.

ಹುಕ್ಕೇರಿಯಲ್ಲಿ ಕೆಲಸ ಶುರುವಾದಾಗ ನನ್ನ ಮುಂದೆ ನಾಲ್ಕು ಚೌಕಗಳಲ್ಲಿ ಹೊಳೆ ಇತ್ತು. ಸದ್ದಿಲ್ಲದ ಹೊಳೆ. ಮೊದಲ ದಿನವೇ ಗೊತ್ತಾಯಿತು, ಗೋಡೆಯ ಬುಡ ಯಾವ ಚೌಕದಲ್ಲೂ ಇರಲಿಲ್ಲ. ಸುಪರ್‌ವೈಜರಿಗೆ ಹೇಳಿದೆ. ಕ್ಯಾಮೆರಾಗಳ ಜಾಗ ನಕ್ಷೆಯಲ್ಲಿ ಮಂಜೂರಾಗಿದೆ, ಈಗ ಬದಲಿಸಲಾಗದು ಅಂದರು. ಭೋಂಗಾ ಇದೆಯಲ್ಲ ಅಂದರು.

ಆಗ ನಾನೇ ಒಂದು ರೂಢಿ ಮಾಡಿಕೊಂಡೆ. ಕಾಕಾನನ್ನು ಬ್ಯಾರೇಜಿಗೆ ಕಾವಲುಗಾರನೆಂದು ಇಟ್ಟಿದ್ದರು, ಗೇಟು ಮುಟ್ಟುವಂತಿರಲಿಲ್ಲ. ಗೇಟು ಎತ್ತಲು ಆದೇಶ ಬಂದರೆ ನಾನು ಮೊದಲು ಅವರಿಗೆ ಫೋನು ಹಚ್ಚುತ್ತಿದ್ದೆ. ಅವರು ಮಾತಾಡುತ್ತಿರಲಿಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ನಡೆಯುತ್ತಿದ್ದರು. ಅವರ ಚಪ್ಪಲಿ ಸಪ್ಪಳ, ಉಸಿರು, ನೀರಿನ ಸದ್ದು ನನಗೆ ಹುಕ್ಕೇರಿಯಲ್ಲಿ ಕೇಳುತ್ತಿತ್ತು. ಪರದೆಯ ಮೇಲೆ ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ದಾಟುತ್ತ, ಕೊನೆಗೆ ಗೋಡೆಯ ಕಡೆ ಮರೆಯಾಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ "ಬಿಡವ್ವಾ" ಅನ್ನುತ್ತಿದ್ದರು. ಆಮೇಲೆಯೇ ನಾನು ಗುಂಡಿ ಒತ್ತುತ್ತಿದ್ದೆ.

ಒಂದು ಮಳೆಗಾಲ ಹೀಗೇ ನಡೆಯಿತು. ಆಮೇಲೆ ಕಾವಲುಗಾರನ ಹುದ್ದೆಯೂ ಬೇಡವೆಂದು ಕಂಪನಿ ಅವರನ್ನು ಮನೆಗೆ ಕಳಿಸಿತು. ಮನೆ ಬ್ಯಾರೇಜಿನಿಂದ ಕೂಗಳತೆಯಲ್ಲಿತ್ತು. ಫೋನು ಮಾಡಿದರೆ ಈಗಲೂ ಎದ್ದು ಹೋಗುತ್ತಿದ್ದರು. ಪಗಾರ ಇಲ್ಲ, ಏನಿಲ್ಲ. ನಾನು ಸಂಕೋಚದಿಂದ, ತೊಂದರೆ ಆಗುತ್ತದೇನೋ ಎಂದಾಗ, ಊಟ ಆಗಿದೆ, ಅಡ್ಡಾಡಿದಂತೆ ಆಗುತ್ತದೆ ಅನ್ನುತ್ತಿದ್ದರು. ಅವರಿಗೆ ಆಗಲೇ ಎಪ್ಪತ್ತರ ಹತ್ತಿರ. ನನಗೂ ಅದು ಅಭ್ಯಾಸವಾಗಿ ಹೋಯಿತು. ಅಭ್ಯಾಸವಾದ ಮೇಲೆ ಉಪಕಾರ ಅನಿಸುವುದಿಲ್ಲ...

ಎರಡನೆಯ ಮಳೆಗಾಲದಲ್ಲಿ, ಒಂದು ಮುಂಜಾನೆ ಹತ್ತರ ಸುಮಾರಿಗೆ, ತಡಮಾಡದೆ ನಾಲ್ಕು ಗೇಟು ಎತ್ತಬೇಕೆಂದು ಆದೇಶ ಬಂತು. ಮೇಲಿನಿಂದ ನೀರು ಹೊರಟಿತ್ತು. ಕಾಕಾಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮೂರನೆಯ ಸಲವೂ ಎತ್ತಲಿಲ್ಲ. ಸುಪರ್‌ವೈಜರು ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಯಾರಿಗೆ ಫೋನು ಎಂದು ಕೇಳಿದರು. ನಾನು ಫೋನು ಕೆಳಗಿಟ್ಟೆ. ಪರದೆಯ ನಾಲ್ಕೂ ಚೌಕ ಖಾಲಿ ಇದ್ದವು. ಭೋಂಗಾದ ಗುಂಡಿ ಒತ್ತಿದೆ, ಎಷ್ಟು ಹೊತ್ತು ಕಾಯಬೇಕೆಂದು ಬರೆದಿತ್ತೋ ಅಷ್ಟು ಕಾದೆ, ಗೇಟು ಎತ್ತಿದೆ.

ಗೇಟು ಒಂದು ಅಡಿ ಏರಿರಬೇಕು. ಬಲಗಡೆಯ ಚೌಕದಲ್ಲಿ ಕಾಕಾ ಕಾಣಿಸಿದರು. ತಲೆಯ ಮೇಲೆ ರುಮಾಲಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಹೆಗಲ ವಸ್ತ್ರವನ್ನು ಕೈಯಲ್ಲಿ ಹಿಡಿದು ಕ್ಯಾಮೆರಾದ ಕಡೆ ಬೀಸುತ್ತ ಓಡುತ್ತಿದ್ದರು. ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಕೈ ತಾನಾಗಿಯೇ ಗೇಟು ನಿಲ್ಲಿಸಿತು, ಮತ್ತೆ ಇಳಿಸುವ ಗುಂಡಿ ಒತ್ತಿತು. ಅಷ್ಟರಲ್ಲಿ ಅವರು ಗೋಡೆಯ ಕಡೆ ಹೋಗಿ ಮರೆಯಾದರು.

ಆಮೇಲೆ ಪರದೆಯ ಮೇಲೆ ಏನೂ ಇರಲಿಲ್ಲ. ಗೇಟಿನ ಕೆಳಗೆ ಕೆಂಪು ನೀರು ನೊರೆಗಟ್ಟಿ ಹರಿದು, ನಿಧಾನವಾಗಿ ಕಡಿಮೆಯಾಗುತ್ತಿತ್ತು. ಸುಪರ್‌ವೈಜರು ಏನೇನೋ ಹೇಳುತ್ತಿದ್ದರು. ನನಗೆ ಕೇಳುತ್ತಿರಲಿಲ್ಲ. ಖಾಲಿ ಚೌಕವನ್ನು ನೋಡುತ್ತ ಕೂತೆ. ಅಷ್ಟು ದೂರದಲ್ಲಿ ಕೂತು ನಾನು ಬೇರೆ ಏನು ಮಾಡಬಹುದಿತ್ತೋ ಇವತ್ತಿಗೂ ತಿಳಿಯುವುದಿಲ್ಲ...

ಕೊನೆಗೆ ಚೌಕದ ಅಂಚಿನಲ್ಲಿ ಇಬ್ಬರು ಕಾಣಿಸಿದರು. ಆಯಿ ಸೊಂಟದ ತನಕ ತೊಯ್ದಿದ್ದಳು, ಕೈಯಲ್ಲಿ ಬಟ್ಟೆಗಳಿರಲಿಲ್ಲ. ಕಾಕಾ ಆಕೆಯ ರಟ್ಟೆ ಹಿಡಿದಿದ್ದರು, ಒಂದು ಕಾಲನ್ನು ಎಳೆದು ಹಾಕುತ್ತಿದ್ದರು. ಕಂಬದ ಹತ್ತಿರ ಬಂದು, ಕ್ಯಾಮೆರಾದ ಕಡೆ ಮುಖ ಎತ್ತಿ, ಕೈಯನ್ನು ಮೇಲಕ್ಕೆ ಮಾಡಿದರು. ಬಿಡು ಎಂದು. ನಾನು ಗೇಟು ಎತ್ತಿದೆ.

ಗೇಟು ಅರ್ಧಕ್ಕೆ ನಿಂತದ್ದು ಯಂತ್ರದಲ್ಲಿ ದಾಖಲಾಗಿತ್ತು. ಯಾಕೆ ನಿಲ್ಲಿಸಿದಿರಿ ಎಂದು ಮರುದಿನ ಲಿಖಿತವಾಗಿ ಕೇಳಿದರು. ಇದ್ದದ್ದನ್ನು ಬರೆದರೆ ಕ್ಯಾಮೆರಾ ಕೂರಿಸಿದವರಿಂದ ಹಿಡಿದು ಎಲ್ಲರಿಗೂ ತೊಡಕು, ಹೊರಗಿನವನಿಗೆ ಫೋನು ಮಾಡುತ್ತಿದ್ದುದಕ್ಕೆ ನಿನಗೂ ತೊಡಕು ಎಂದು ಸುಪರ್‌ವೈಜರು ಸಮಾಧಾನವಾಗಿಯೇ ಹೇಳಿದರು. ತಾಂತ್ರಿಕ ದೋಷ ಎಂದು ಒಂದು ಸಾಲು ಬರೆದರೆ ಸಾಕು. ತಮ್ಮನ ಕಾಲೇಜು ನಡೆಯುತ್ತಿತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಬರೆದುಕೊಟ್ಟೆ. ಕಾಗದದ ಮೇಲೆ ಅಲ್ಲಿ ಆಯಿಯೂ ಇರಲಿಲ್ಲ, ಕಾಕಾನೂ ಇರಲಿಲ್ಲ.

ಮುಂದಿನ ರಜೆಯ ದಿನ ಗೋಕಾಕ, ಮೂಡಲಗಿ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಪಾಚಿಯ ಮೆಟ್ಟಿಲಲ್ಲಿ ಜಾರಿ ಮೊಣಕಾಲು ತಿರುವಿತ್ತು, ಕಟ್ಟು ಕಟ್ಟಿದ್ದರು. ಅವತ್ತು ಫೋನನ್ನು ಒಳಗೆ ಚಾರ್ಜಿಗೆ ಹಚ್ಚಿ ಹಿತ್ತಲಲ್ಲಿ ಜಳಕ ಮಾಡುತ್ತಿದ್ದರಂತೆ. ಭೋಂಗಾ ಕೇಳಿ, ನನ್ನ ಫೋನು ಬರದೆ ಭೋಂಗಾ ಯಾಕೆ ಆಯಿತೆಂದು ಗಾಬರಿಯಾಗಿ ಓಡಿದರಂತೆ. ಅವರ ಹೆಂಡತಿ ಕಾಕು ಚಹಾ ತಂದುಕೊಟ್ಟು, ಭುಜ ಕೊಟ್ಟದ್ದು ಸಾಲದೆಂದು ಕಾಲನ್ನೂ ಹೊಳೆಗೆ ಕೊಟ್ಟು ಬಂದರು ಎಂದು ನನಗೆ ಕೇಳುವ ಹಾಗೆಯೇ ಅಂದರು.

ಬರೆದುಕೊಟ್ಟದ್ದನ್ನು ನಾನು ಮುಚ್ಚಿಡಲಿಲ್ಲ. ಹೇಳಿದೆ. ಕಾಕಾ ಮೊಣಕಾಲಿನ ಕಟ್ಟನ್ನು ಸರಿಮಾಡಿಕೊಂಡರು. ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನನ್ನ ಹೆಸರು ಬರೀಬ್ಯಾಡ, ಬಿಡು," ಅಂದರು. "ಆದ್ರ ಆ ಮೂಲಿ ಕಾಣಂಗಿಲ್ಲ ಅನ್ನೂದಾದ್ರೂ ಬರೀಬೇಕಿತ್ತವ್ವಾ."

ಬರೀತೀನ್ರಿ ಕಾಕಾ, ಅಂದೆ. ಹೊರಡುವಾಗ ಅವರೇ ಮತ್ತೆ ಕರೆದರು.

"ಇನ್ನ ಮ್ಯಾಲ ನನಗ ಫೋನ್ ಹಚ್ಚಬ್ಯಾಡ ತಂಗಿ. ಗ್ವಾಡಿ ತನಕಾ ಹೋಗಾಕ ಆಗಂಗಿಲ್ಲ ನನಗ. ಹೋಗಲಾರದ 'ಬಿಡವ್ವಾ' ಅಂದ್ರ ಅದು ಸುಳ್ಳಾಕ್ಕೈತಿ."

ನಾನು ಫೋನು ಮಾಡಲಿಲ್ಲ. ಪತ್ರವನ್ನೂ ಬರೆಯಲಿಲ್ಲ. ಗುತ್ತಿಗೆ ನವೀಕರಣ ಆಗಲಿ ಎಂದು ಕಾದೆ. ಆದ ಮೇಲೆ ತಮ್ಮನ ಪರೀಕ್ಷೆ ಮುಗಿಯಲಿ ಎಂದು ಕಾದೆ. ಬ್ಯಾರೇಜಿನ ಊರಿನ ಪಂಚಾಯತಿಯವರನ್ನು ಹಿಡಿದು, ಭೋಂಗಾ ಆಗುವ ಮೊದಲು ಯಾರಾದರೂ ಹೋಗಿ ಗೋಡೆಯ ಹತ್ತಿರ ನೋಡುವಂತೆ ಬೇಡಿಕೊಂಡೆ. ಕೆಲವೊಮ್ಮೆ ಹೋಗುತ್ತಿದ್ದರು, ಕೆಲವೊಮ್ಮೆ ಇಲ್ಲ. ಪ್ರತಿ ಸಲ ಗುಂಡಿ ಒತ್ತುವ ಮೊದಲು ನಾಲ್ಕೂ ಚೌಕಗಳನ್ನು ಎರಡೆರಡು ಸಲ ನೋಡುತ್ತಿದ್ದೆ. ಪಾಳಿ ಮುಗಿಸಿ ಮನೆಗೆ ಬಂದರೆ ಯಾರೊಡನೆಯೂ ಮಾತು ಬೇಡವಾಗುತ್ತಿತ್ತು. ಏನೂ ಆಗಲಿಲ್ಲ, ಪುಣ್ಯ. ಆದರೆ ಅದು ನನ್ನ ಪುಣ್ಯವೇನಲ್ಲ.

ಸಂಕ್ರಾಂತಿ ಮುಗಿದ ವಾರ ಕಾಕಾ ಹೋದರೆಂದು ಪಂಚಾಯತಿಯವರೊಬ್ಬರು ತಿಳಿಸಿದರು. ಮಣ್ಣು ಕೊಡುವ ಹೊತ್ತಿಗೆ ನನಗೆ ಹೋಗಲಾಗಲಿಲ್ಲ. ಐದನೆಯ ದಿನ ಹೋದೆ. ಕಾಕು ನನ್ನನ್ನು ಬೈಯಲಿಲ್ಲ. ಕಾಕಾ ಕೋಲು ಹಿಡಿದು ದಿನಾ ಬಾಂದಾರದ ಕಡೆ ಹೊರಡುತ್ತಿದ್ದರು, ಅರ್ಧ ದಾರಿಯಲ್ಲಿ ನಿಂತು ತಿರುಗಿ ಬರುತ್ತಿದ್ದರು ಎಂದಷ್ಟೇ ಹೇಳಿದರು. ಅಂಗಳದಲ್ಲಿ ಆಯಿ ಕೂತಿದ್ದಳು. ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ಆ ದಿನ ಸಂಜೆ ಮನೆಗೆ ಬಂದು ಪತ್ರ ಬರೆದೆ. ಮುಂಜಾನೆಯ ಫೋನು, ಗೋಡೆಯ ಬುಡ, ಆಯಿ, ಕಾಕಾ, ನಾನು ಮೊದಲು ಬರೆದುಕೊಟ್ಟ ಸುಳ್ಳು, ಎಲ್ಲವನ್ನೂ. ಒಂದೇ ಪುಟ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಷ್ಟು ತಿಂಗಳು ನಾನು ಹೊತ್ತು ತಿರುಗಿದ್ದು ಅರ್ಧ ಗಂಟೆಯ ಕೆಲಸವನ್ನು.

ಪತ್ರವನ್ನು ಮರುದಿನವೇ ಕಂಪನಿಗೆ ಕೊಟ್ಟೆ. ಬೇಸಿಗೆಯಲ್ಲಿ ಗೋಡೆಯ ಬುಡಕ್ಕೆ ಐದನೆಯ ಕ್ಯಾಮೆರಾ ಬಂತು. ಪರದೆಯಲ್ಲಿ ಹೊಸ ಚೌಕ ತೆರೆದ ದಿನ ಆಯಿ ಚಪ್ಪಟೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅದೇ ಜಾಗದಲ್ಲಿ, ಅದೇ ಬಗ್ಗಿದ ಬೆನ್ನು. ಒಗೆಯುವ ಸಪ್ಪಳ ನನಗೆ ಕೇಳುತ್ತಿರಲಿಲ್ಲ, ಆಕೆಗೂ ಕೇಳುತ್ತಿರಲಿಲ್ಲ. ನಾನು ಬಹಳ ಹೊತ್ತು ನೋಡಿದೆ. ಈ ಸುದ್ದಿಯನ್ನು ಹೇಳಬೇಕಾದವರಿಗೆ ಫೋನು ಹಚ್ಚುವಂತಿರಲಿಲ್ಲ. ಮುಂದಿನ ಸಲ ನನ್ನ ಗುತ್ತಿಗೆ ನವೀಕರಣವಾಗಲಿಲ್ಲ. ಕಾರಣ ಬೇರೆ ಹೇಳಿದರು. ನಾನೂ ಕೇಳಲು ಹೋಗಲಿಲ್ಲ, ಅಷ್ಟೊತ್ತಿಗೆ ನನಗೂ ಸಾಕಾಗಿತ್ತು.

ಈಗ ಸಂಕೇಶ್ವರದಲ್ಲಿ ಪಂಪುಸೆಟ್ಟಿನ ಅಂಗಡಿಯೊಂದರಲ್ಲಿ ಇದ್ದೇನೆ. ಆ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲೆ ಈಗ ಯಾರು ಕೂರುತ್ತಾರೋ ಗೊತ್ತಿಲ್ಲ. ಐದೂ ಚೌಕಗಳನ್ನು ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒತ್ತುತ್ತಾರೆ ಅಂದುಕೊಳ್ಳುತ್ತೇನೆ. ಅವರಿಗೆ ಎಲ್ಲವೂ ಕಾಣುತ್ತದೆ. ಐದನೆಯ ಚೌಕ ಯಾಕಿದೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಕಾಕಾ ತಮ್ಮ ಹೆಸರು ಬರೆಯಬೇಡ ಅಂದಿದ್ದರು. ಆ ಪತ್ರದಲ್ಲಿ ನಾನು ಬರೆದಿದ್ದೆ, ಪೂರ್ತಿ ಹೆಸರು, ಅವರ ತಂದೆಯ ಹೆಸರು ಸಮೇತ. ಯಾವ ಕಪಾಟಿನಲ್ಲಿದೆಯೋ...