ಖಾಲಿ ಕೊಡಬಾರದ ತಟ್ಟೆ

ನನ್ನ ಅಡುಗೆ ಬ್ಲಾಗಿನ ಮೊದಲ ಫೋಟೋದಲ್ಲಿ ಎದ್ದು ಕಂಡದ್ದು ಒಗ್ಗರಣೆ ಮಂಡಕ್ಕಿಯಲ್ಲ, ನಾನು. ಸ್ಟೀಲ್ ತಟ್ಟೆಯ ಫಳಫಳ ಅಂಚಿನೊಳಗೆ ನೈಟಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಮೊಬೈಲ್ ಹಿಡಿದು ನಿಂತಿದ್ದೆ. ಬಂದ ಮೊದಲ ಕಾಮೆಂಟಿನಲ್ಲಿ ಒಬ್ಬರು ಆ ಟವೆಲ್ ಎಲ್ಲಿ ಕೊಂಡಿರಿ ಎಂದು ಕೇಳಿದ್ದರು.

ಅವತ್ತಿನಿಂದ ಕಂಟೋನ್ಮೆಂಟಿನ ನಮ್ಮ ಓಣಿಯಲ್ಲಿ ಮನೆ ಮನೆಗೂ ಹೋಗಿ ತಟ್ಟೆ ಕೇಳತೊಡಗಿದೆ. ಹೊಳೆಯದ ತಟ್ಟೆ ಬೇಕಿತ್ತು, ಅಷ್ಟೇ. ಎದುರು ಮನೆಯ ಟೀಚರು ಪಿಂಗಾಣಿ ಬಟ್ಟಲು ಕೊಟ್ಟರು, ಮೂಲೆಮನೆಯವರು ಹಿತ್ತಾಳೆಯ ಹರಿವಾಣ ಕೊಟ್ಟರು. ನಮ್ಮಲ್ಲಿ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ನಾನು ಫೋಟೋ ತೆಗೆದ ಅಡುಗೆಯನ್ನೇ ತುಂಬಿ ಕೊಡುತ್ತಿದ್ದೆ. ಈ ಗುಟ್ಟು ಹರಡಿದ ಮೇಲೆ ನಾನು ಕೇಳುವುದೇ ತಪ್ಪಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ತಟ್ಟೆಗಳು ಕಾದು ಕೂತಿರುತ್ತಿದ್ದವು. ಒಬ್ಬ ಮಹಾತಾಯಿ, ಇದು ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ ಎಂದು ಮೂವತ್ತು ಮಂದಿಗೆ ಸಾಕಾಗುವ ಡಬರಿಯನ್ನೇ ತಂದಿಟ್ಟರು.

ಆದರೆ ನನ್ನ ಕಣ್ಣಿದ್ದದ್ದು ಕುರುಗೋಡಿನ ಒಂದು ಕಂಚಿನ ತಟ್ಟೆಯ ಮೇಲೆ. ಅದು ಸಿರುಗುಪ್ಪದ ನಮ್ಮ ಅಜ್ಜಿಯದು. ಅದರಲ್ಲಿ ಬಿಸಿ ಅನ್ನಕ್ಕೆ ಪುಂಡಿಪಲ್ಯ ಕಲಸಿ ಅಜ್ಜಿ ನಮಗೆಲ್ಲ ಕೈತುತ್ತು ಹಾಕುತ್ತಿದ್ದಳು. ಅಜ್ಜಿ ಹೋದ ಮೇಲೆ ತಟ್ಟೆ ಅವಳ ಹಿರಿಮಗಳಿಗೆ, ಅಂದರೆ ಕುರುಗೋಡಿನ ನನ್ನ ದೊಡ್ಡಮ್ಮನಿಗೆ ಸೇರಿತು. ಚೆನ್ನಾಗಿ ಅಡುಗೆ ಬರುವವಳಿಗೇ ಅದನ್ನು ಕೊಡುತ್ತೇನೆಂದು ದೊಡ್ಡಮ್ಮ ಎಲ್ಲರೆದುರು ಸಾರಿದ್ದಳು. ಅವಳ ಲೆಕ್ಕದಲ್ಲಿ ಇಬ್ಬರು ಸೊಸೆಯಂದಿರಿದ್ದರು, ನಾನಿರಲಿಲ್ಲ. ಫೋಟೋದೊಳಗಿನ ಅಡುಗೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅವಳ ವಾದ. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು ನನಗೆ. ಆ ತಟ್ಟೆ ನನಗೇ ಬರಬೇಕೆಂಬ ಆಸೆಯೂ ಅಷ್ಟೇ ಇತ್ತು.

ಕಡೆಗೆ ಧೈರ್ಯ ಮಾಡಿ ಕುರುಗೋಡಿಗೆ ಹೋಗಿ, ಫೋಟೋ ತೆಗೆಯಲು ಎರಡು ದಿನದ ಮಟ್ಟಿಗೆ ಕೊಡು ಎಂದು ಕೇಳಿದೆ. ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಯ್ಯಿ. ಆದ್ರ ಖಾಲಿ ತರಬ್ಯಾಡ. ನಿನ್ನ ಕೈಲೆ ಮಾಡಿದ್ದು ಹಾಕ್ಕೊಂಡು ಬಾ, ನೋಡೇಬಿಡ್ತೀನಿ."

ಇದು ಪರೀಕ್ಷೆಯೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಶೇಂಗಾ ಹೋಳಿಗೆ ಮಾಡಿದೆ. ಹದಿನೆಂಟು. ಹೂರಣ ಒಂದು ಕಡೆಯೂ ಹೊರಗೆ ಇಣುಕದಂತೆ ಲಟ್ಟಿಸಿ, ಫೋಟೋ ತೆಗೆದು, ತಟ್ಟೆಯಲ್ಲಿ ಜೋಡಿಸಿ, ಅರಿವೆಯಲ್ಲಿ ಗಂಟು ಕಟ್ಟಿ ಕುರುಗೋಡಿನ ಬಸ್ಸು ಹತ್ತಿದೆ.

ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಮೂಗರಳಿಸಿ, ಏನಿದು ಇಷ್ಟು ಘಮಘಮ ಎಂದರು. ಯಾವೂರು ಎಂದು ಕೇಳಿದರೆ ಸಿರುಗುಪ್ಪವಂತೆ. ನಮ್ಮ ಅಜ್ಜಿಯ ಊರಿನವರು ಬಾಯಿಬಿಟ್ಟು ಕೇಳಿದ ಮೇಲೆ ಹೇಗೆ ಸುಮ್ಮನಿರುವುದು? ಒಂದು ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡು ತಿಂದರು. ಬ್ಲಾಗಿಗೆ ಕೆಂಪು ಹೃದಯಗಳು ಎಷ್ಟೇ ಬರಲಿ, ಬೆರಳು ನೆಕ್ಕುವ ಸದ್ದು ಅವಕ್ಕಿಲ್ಲ. ನನಗೆ ತಲೆ ತಿರುಗಿಹೋಯಿತು. ಮುಂದಿನ ಸೀಟಿನ ದಂಪತಿಗೆ ಕೊಟ್ಟೆ, ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ ಕೊಟ್ಟೆ. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಮಾಡುವ ಬಗೆ ಕೇಳಿದರು. ಓಲಾಡುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತು, ಬೆಲ್ಲದ ಹದ ವಿವರಿಸುತ್ತಾ ಅವರಿಗೂ ಸುತ್ತಮುತ್ತ ಕೂತವರಿಗೂ ಹಂಚಿದೆ. ಕುರುಗೋಡು ಬಂದಾಗ ಕಂಡಕ್ಟರು ಮತ್ತೆ ಬಂದು ಡ್ರೈವರಣ್ಣನಿಗೆ ಎಂದು ಕೈಚಾಚಿದ. ಕೊಟ್ಟೆ. ಖಾಲಿಯಾದ ತಟ್ಟೆಯ ನಡುವೆ ನನ್ನದೇ ಮುಖ ಮಂಕಾಗಿ ಕಂಡಿತು.

ಬಸ್ಸಿಳಿದು ಬರಿ ತಟ್ಟೆಯನ್ನು ಅರಿವೆಯಲ್ಲಿ ಸುತ್ತಿಕೊಂಡೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ದೊಡ್ಡಮ್ಮ ಅನ್ನುವುದು ಈಗಲೇ ಕೇಳಿಸಿತು. ಹೋಟೆಲಿನಿಂದ ಏನಾದರೂ ಕೊಂಡು ನನ್ನದೆಂದು ಹೇಳೋಣವೆಂದರೆ, ಎಣ್ಣೆಯ ವಾಸನೆಯಲ್ಲೇ ಹೋಟೆಲಿನ ಹೆಸರು ಹೇಳುವವಳು ಅವಳು. ಅಂಗಡಿಯಲ್ಲಿ ಒಂದು ಉಂಡೆ ಬೆಲ್ಲ ಕೊಂಡು ತಟ್ಟೆಯಲ್ಲಿಟ್ಟುಕೊಂಡು ಹೋದೆ.

ದೊಡ್ಡಮ್ಮ ಗಂಟು ಬಿಚ್ಚಿದಳು. ಬೆಲ್ಲ ನೋಡಿದಳು, ನನ್ನನ್ನು ನೋಡಿದಳು. ನಾನು ಬಸ್ಸಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಒಪ್ಪಿಸಿದೆ. ಅವಳು ಬೈಯಲಿಲ್ಲ, ಪೊಲೀಸರ ಹಾಗೆ ಕೇಳುತ್ತಾ ಹೋದಳು. ಎಷ್ಟು ಮಂದಿ ತಿಂದರು? ಯಾರಾದರೂ ಅರ್ಧಕ್ಕೆ ಬಿಟ್ಟರಾ? ಮತ್ತೊಂದು ಕೇಳಿದವರಿದ್ದಾರಾ? ನೀನೆಷ್ಟು ತಿಂದೆ? ನಾನು ಒಂದೂ ತಿಂದಿಲ್ಲವೆಂದೆ. ಅದು ನನಗೂ ಆಗಲೇ ಹೊಳೆದದ್ದು.

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಕ್ಕು ನಕ್ಕು ಗೋಡೆಗೆ ಒರಗಿದಳು. ಅಜ್ಜಿಯೂ ಹೊಲಕ್ಕೆ ಬುತ್ತಿ ಹೊತ್ತು ಹೊರಟರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿ, ತಾತನ ಮುಂದೆ ಬರೀ ಉಪ್ಪಿನಕಾಯಿ ಇಡುತ್ತಿದ್ದಳಂತೆ. ಆಮೇಲೆ ದೊಡ್ಡಮ್ಮ ಒಳಗೆ ಹೋಗಿ ಶೇಂಗಾ ಹುರಿದಳು, ನಾನು ಸಿಪ್ಪೆ ತೆಗೆದೆ. ನಾನು ತಂದ ಬೆಲ್ಲವನ್ನೇ ಸೇರಿಸಿ ಕುಟ್ಟಿ, ಬೆಚ್ಚಗಿರುವಾಗಲೇ ಇಬ್ಬರೂ ಕೂತು ಉಂಡೆ ಕಟ್ಟಿದೆವು. ನನ್ನ ಬಾಯಿಗೆ ಮೊದಲ ಉಂಡೆ ಅವಳೇ ಇಟ್ಟಳು.

ಹೊರಟಾಗ ನೋಡಿದರೆ ಉಂಡೆಗಳನ್ನೆಲ್ಲ ಕಂಚಿನ ತಟ್ಟೆಗೇ ತುಂಬಿ, ಅದೇ ಅರಿವೆಯಲ್ಲಿ ಗಂಟು ಕಟ್ಟುತ್ತಿದ್ದಾಳೆ. ತಟ್ಟೆ ಇಲ್ಲೇ ಇರಲಿ, ಡಬ್ಬಿಗೆ ಹಾಕಿ ಕೊಡು ಎಂದೆ.

"ಇನ್ನೊಬ್ರ ತಟ್ಟಿ ಖಾಲಿ ಕಳಸಬಾರದು," ಎಂದು ದೊಡ್ಡಮ್ಮ ಗಂಟು ಬಿಗಿದು ನನ್ನ ಕೈಗಿಟ್ಟಳು.

ಬಸ್ಸು ಹತ್ತಿ, ಸೀಟು ಹಿಡಿದು, ಟಿಕೆಟ್ ತೆಗೆದುಕೊಂಡ ಮೇಲೆ, ಆ ಮಾತಿನ ಇನ್ನೊಬ್ಬರು ನಾನೇ ಎಂಬುದು ನನಗೆ ಅರ್ಥವಾಯಿತು. ನಗುವೋ ಅಳುವೋ ತಿಳಿಯದೆ ತಟ್ಟೆಯನ್ನು ಎದೆಗೆ ಅವಚಿಕೊಂಡು ಕೂತೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಅವತಾರ ನೋಡಿ, ಅದರಲ್ಲೇನಿದೆ ಎಂದು ಮೆಲ್ಲಗೆ ಕೇಳಿದರು.

ನಾನು ಗಂಟು ಬಿಚ್ಚಿದೆ.